ಬಾಜಾದವರಿಗೆ ವೀಳ್ಯ ಕೊಡುವ ಮುನ್ನ

ಮದುವೆಯ ಮುಹೂರ್ತಗಳು ಶುರುವಾದವೆಂದರೆ ಸಾಕು, ಅರಸೀಕೆರೆಯ ಚಹಾದ ಅಂಗಡಿಯಿಂದ ಹಿಡಿದು ಕೊಟ್ಟೂರಿನ ಮಂಡಿಗಳವರೆಗೆ, ಮಿಲ್ಲಿನ ಗೇಟಿನಿಂದ ಹಿಡಿದು ಹಗರಿಬೊಮ್ಮನಹಳ್ಳಿಯ ಜವಳಿ ಅಂಗಡಿಯವರೆಗೆ ಒಂದೇ ಮಾತು: ‘ಬಾಜಾ ಯಾರದು? ಎಷ್ಟಕ್ಕೆ ಮುಗೀತು?’ ಎರಡನೆಯ ಪ್ರಶ್ನೆಗೆ ಹೇಳುವ ಅಂಕಿ ಸಣ್ಣದಾದಷ್ಟೂ ಹೇಳುವವರ ಮುಖ ಅರಳುತ್ತದೆ. ಹತ್ತಿಯ ಧಾರಣೆ, ದಿನಗೂಲಿ, ಬಸ್ಸಿನ ದರ ಇಂಥ ವಿಷಯಗಳನ್ನು ಬಿಟ್ಟು ಈ ಪತ್ರಿಕೆಗೆ ಬಾಜಾದ ಚಿಂತೆ ಯಾಕೆ ಹತ್ತಿತು ಎಂದು ಕೆಲವರು ನಗಬಹುದು. ನಗಲಿ. ಬಾಜಾ ಎಂದರೂ ಕೂಲಿಯ ವಿಷಯವೇ. ಯಂತ್ರದ ಮುಂದೆ ನಿಂತವನ ಕೂಲಿಗಾಗಿ ನ್ಯಾಯ ಕೇಳುವ ನಾವೇ, ನಮ್ಮ ಮನೆಯ ಮದುವೆಗೆ ಬಂದು ಕ್ಲಾರಿಯೊನೆಟ್ ಊದುವವನ ಮುಂದೆ ಧಣಿಗಳಾಗಿ ನಿಲ್ಲುತ್ತೇವೆ. ವರ್ಷವಿಡೀ ಧಣಿಯಾಗಿರುವವನಿಗಿಂತ ಎರಡು ದಿನದ ಧಣಿ ಹೆಚ್ಚು ಕಷ್ಟದವನೆಂಬುದು ಬಾಜಾದವರನ್ನು ಕೇಳಿದರೆ ತಿಳಿಯುತ್ತದೆ.

ಆದ್ದರಿಂದ ವೀಳ್ಯ ಕೊಡುವ ಮುನ್ನ ಯೋಚಿಸತಕ್ಕ ಕೆಲವು ಸಂಗತಿಗಳನ್ನು ನಮ್ಮ ವಾಚಕರ ಮುಂದಿಡುತ್ತಿದ್ದೇವೆ.

ಯಾವ ಕಾರ್ಯಕ್ಕೆ ಯಾವ ವಾದ್ಯ ಎಂಬುದನ್ನು ಮೊದಲು ನಿರ್ಧರಿಸಬೇಕು. ನಮ್ಮ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ಕೊಟ್ಟೂರೇಶ್ವರನ ತೇರಿನ ಮುಂದೆ ಸಮಾಳ, ನಂದಿಕೋಲು. ಮೈಲಾರದಲ್ಲಿ ಗೊರವರ ಡಮರುಗ. ಊರೂರಲ್ಲಿ ಡೊಳ್ಳು, ಹಲಗೆ, ಉರುಮೆ. ಮನೆಯ ಶುಭಕಾರ್ಯಕ್ಕೆ ಭಜಂತ್ರಿಯವರ ಶಹನಾಯಿ. ಮೆರವಣಿಗೆಗೆ ಬ್ಯಾಂಡ್ ಸೆಟ್. ರಾತ್ರಿಯ ವೇದಿಕೆಗೆ ರಸಮಂಜರಿ. ಬೀದಿಯಲ್ಲಿ ನಡೆಯುತ್ತಾ ಬಾರಿಸುವುದಕ್ಕೆಂದು ಹುಟ್ಟಿದ ಹಿತ್ತಾಳೆಯ ಬ್ಯಾಂಡನ್ನು ತಗಡಿನ ಮಾಡಿನ ಕಲ್ಯಾಣಮಂಟಪದೊಳಗೆ ತಂದು ನಿಲ್ಲಿಸಿದರೆ ಅಕ್ಕಿಕಾಳು ಹಾಕುವ ಹೊತ್ತಿಗೆ ಪುರೋಹಿತರ ಮಂತ್ರವೂ ಕೇಳದು, ಬೀಗರ ಮಾತೂ ಕೇಳದು. ಅಲ್ಲಿಗೆ ಶಹನಾಯಿಯವರು ನಾಲ್ವರಿದ್ದರೆ ಧಾರಾಳವಾಯಿತು. ಅದೇ ನಾಲ್ವರನ್ನು ಊರಗಲದ ಮೆರವಣಿಗೆಗೆ ನಿಲ್ಲಿಸಿದರೆ ಅವರ ಎದೆ ಒಡೆದರೂ ಹಿಂದಿನ ಸಾಲಿಗೆ ನಾದ ಮುಟ್ಟದು. ಕೊಟ್ಟ ಹಣ ವ್ಯರ್ಥವಾಗುವುದು ಬಹಳ ಸಲ ಇಲ್ಲಿಯೇ. ದೋಷ ಮಾತ್ರ ಊದಿದವರ ತಲೆಗೆ.

ಬ್ಯಾಂಡ್ ಸೆಟ್ಟು ಪರದೇಶದ್ದು, ಪಟಾಲಮ್ಮಿನಿಂದ ಬಂದದ್ದು, ಅದಕ್ಕೇನು ಮರ್ಯಾದೆ ಎಂದು ಮೂಗು ಮುರಿಯುವ ಹಿರಿಯರು ಈಗಲೂ ಇದ್ದಾರೆ. ಬಂದದ್ದು ಪಟಾಲಮ್ಮಿನಿಂದಲೇ, ನಿಜ. ಆದರೆ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಆ ಪರದೇಶದ ಕೊಳವೆಯಲ್ಲಿ ಅವರು ಕರ್ನಾಟಕ ಸಂಗೀತ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ವಾದ್ಯಕ್ಕೆ ಜಾತಿಯಿಲ್ಲ. ಅದನ್ನು ಹಿಡಿದವನಿಗೆ ನಾವು ಹಚ್ಚುವ ಜಾತಿಯ ಮಾತನ್ನು ಮುಂದೆ ಆಡುತ್ತೇವೆ.

ಎರಡನೆಯದು, ಕಿವಿಯಿಂದ ಕೇಳಿಯೇ ಗೊತ್ತುಮಾಡಬೇಕು. ಮೊಬೈಲಿನಲ್ಲಿ ತೋರಿಸುವ ತುಣುಕು ಯಾವ ಊರಿನದೋ ಯಾವ ವರ್ಷದ್ದೋ ಹೇಳಲಾಗದು. ಆ ತಂಡ ಬಾರಿಸುವ ಯಾರದಾದರೂ ಮದುವೆಗೆ ಹೋಗಿ ಅರ್ಧ ತಾಸು ನಿಂತರೆ ಎಲ್ಲ ತಿಳಿಯುತ್ತದೆ. ಒಂದೇ ಮುಹೂರ್ತಕ್ಕೆ ಹತ್ತು ಮದುವೆಗಳಿರುವ ದಿನ ಒಂದೇ ಹೆಸರಿನ ತಂಡ ಮೂರಾಗಿ ಒಡೆದು ಮೂರು ಊರಿಗೆ ಹೋಗುವುದುಂಟು. ಆಗ ಕೆಂಪು ಕೋಟು, ಜರಿಯ ಟೊಪ್ಪಿಗೆ ತೊಟ್ಟು ಟ್ರಂಪೆಟ್ಟನ್ನು ಬಾಯಿಗೆ ಹಿಡಿದು ನಿಂತ ಹುಡುಗರಲ್ಲಿ ಊದಬಲ್ಲವರು ಇಬ್ಬರೇ, ಉಳಿದವರು ಲೆಕ್ಕಕ್ಕೆ. ಹದಿನಾಲ್ಕು ಜನ ಬೇಕೆಂದು ಹಟ ಹಿಡಿದದ್ದಕ್ಕೆ ಹದಿನಾಲ್ಕು ಕೋಟು ಬಂದವು! ಬಲ್ಲವರು ಎಂಟೇ ಜನ ಬರಲಿ, ಆ ಎಂಟು ಜನರಿಗೆ ಸರಿಯಾದ ಕೂಲಿ ಸಿಗಲಿ ಎಂದು ಮಾಸ್ತರರಿಗೆ ನಾವೇ ಹೇಳಿದರೆ ಅವರಿಗೂ ಸಮಾಧಾನ, ನಮಗೂ ಸಂಗೀತ.

ಇನ್ನು ಹಣದ ಮಾತು. ಇದನ್ನು ನಮ್ಮ ವರ್ತಕ ವಾಚಕರು ದಯವಿಟ್ಟು ಪೆನ್ಸಿಲ್ ಹಿಡಿದು ಓದಬೇಕು.

ಲೆಕ್ಕಕ್ಕೆಂದು ಹದಿನಾಲ್ಕು ಜನರ ತಂಡ, ಒಪ್ಪಿದ ಮೊತ್ತ 20,000 ರೂಪಾಯಿ ಎಂದು ಹಿಡಿಯೋಣ. ವಾಹನ ಮತ್ತು ಡ್ರೈವರಿಗೆ 4,000. ಗಿರಾಕಿ ಹಿಡಿದುಕೊಟ್ಟ ಏಜೆಂಟನಿಗೆ 2,000. ವಾದ್ಯ, ಸಮವಸ್ತ್ರ, ರಿಪೇರಿಯ ಬಾಬ್ತು ತಂಡದ ಯಜಮಾನನಿಗೆ 4,000. ಉಳಿದದ್ದು 10,000, ಹದಿನಾಲ್ಕು ಜನಕ್ಕೆ ತಲಾ 714 ರೂಪಾಯಿ. ಒಂದು ದಿನಕ್ಕಾದರೆ ಇದು ಸಣ್ಣದಲ್ಲ. ಆದರೆ ನಮ್ಮ ಕಡೆಯ ಮದುವೆ ಒಂದು ದಿನದ್ದೇ? ಮುನ್ನಾದಿನ ಸಂಜೆ ಬೀಗರನ್ನು ಎದುರುಗೊಳ್ಳುವುದು, ದೇವರ ಕಾರ್ಯ; ನಸುಕಿನಲ್ಲಿ ಸುರಿಗೆ; ಮುಹೂರ್ತಕ್ಕೆ ಗಟ್ಟಿಮೇಳ; ಊಟವಾದ ಮೇಲೆ ಮೆರವಣಿಗೆ. ಎರಡು ದಿನಕ್ಕೆ ಹಂಚಿದರೆ ದಿನಕ್ಕೆ 357. ಉದ್ಯೋಗ ಖಾತರಿಯಲ್ಲಿ ಮಣ್ಣು ಹೊರುವವರಿಗೆ ಕರ್ನಾಟಕದಲ್ಲಿ 2024-25ರ ಸಾಲಿಗೆ ಗೊತ್ತುಮಾಡಿದ್ದ ದಿನಗೂಲಿ 349 ರೂಪಾಯಿ. ವರ್ಷಗಟ್ಟಲೆ ಕಲಿತ ಕೈಗೂ ಉಸಿರಿಗೂ ಸಿಕ್ಕ ಹೆಚ್ಚಳ ಎಂಟು ರೂಪಾಯಿ!

ಈಗ ಚೌಕಾಸಿ ಶುರುವಾಗುತ್ತದೆ. ‘ಹದಿನೈದಕ್ಕೆ ಮುಗಿಸ್ರಿ ಮಾಸ್ತರೆ, ಮುಂದ ಇನ್ನೊಂದು ಮದುವಿ ಐತಿ, ಅದೂ ನಿಮಗೇ’ ಎಂದು ಹುಡುಗನ ಸೋದರಮಾವ ಹೆಗಲ ಮೇಲೆ ಕೈ ಹಾಕುತ್ತಾನೆ. ಮಾಸ್ತರ ಒಪ್ಪುತ್ತಾನೆ, ಏಕೆಂದರೆ ಆಷಾಢ ಬರಲಿದೆ, ಧನುರ್ಮಾಸ ಬರಲಿದೆ, ಆಗ ಮದುವೆಗಳಿಲ್ಲ. ಮೊತ್ತದಲ್ಲಿ ಕಾಲು ಭಾಗ ಇಳಿಯಿತು. ವಾಹನದ ಬಾಡಿಗೆ ಇಳಿಯಿತೆ? ಡೀಸೆಲ್ಲಿಗೆ ಸೋದರಮಾವನಿಲ್ಲ. ಏಜೆಂಟ ತನ್ನದನ್ನು ಬಿಡುವನೆ? ಯಜಮಾನನೂ ಬಿಡುವುದು ಅಪರೂಪ. ಆ 5,000 ಪೂರ್ತಿಯಾಗಿ ಹದಿನಾಲ್ಕು ಜನರ ಪಾಲಿನಿಂದಲೇ ಹೋಗುತ್ತದೆ. ತಲಾ 714 ಇದ್ದದ್ದು 357 ಆಯಿತು, ದಿನಕ್ಕೆ 178. ಕಾಲು ಭಾಗ ಇಳಿಸಿದೆವೆಂದು ನಾವು ತಿಳಿದೆವು. ಬಾರಿಸಿದವನ ಕೂಲಿ ಅರ್ಧಕ್ಕರ್ಧ ಇಳಿಯಿತು. ಗಿರಣಿಯ ಮಾಲೀಕರು ಖರ್ಚು ತಗ್ಗಿಸುತ್ತೇವೆಂದು ಹೊರಟಾಗ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಎಂಬುದನ್ನು ನಮ್ಮ ಕಾರ್ಮಿಕ ಬಂಧುಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆದ ದಿನಗಳನ್ನೂ ಅವು ಒಂದೊಂದಾಗಿ ಮುಚ್ಚಿದ ದಿನಗಳನ್ನೂ ಕಂಡ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹಾಗಾದರೆ ಸಣ್ಣ ಅಂಗಡಿಯವನು ಸಾಲ ಮಾಡಿ ಬಾಜಾಕ್ಕೆ ಸುರಿಯಬೇಕೆ ಎಂದು ಕೇಳಬಹುದು. ಖಂಡಿತ ಬೇಡ. ದೊಡ್ಡ ಕುಳಗಳ ಮದುವೆಯಲ್ಲಿ ಎರಡು ಬ್ಯಾಂಡು ಬಂದವೆಂದು ನಾವೂ ಒಂದೂವರೆಯನ್ನಾದರೂ ತರಬೇಕೆಂಬ ಮೇಲಾಟವೇ ನಮ್ಮನ್ನು ಬಡ್ಡಿಯವನ ಬಾಗಿಲಿಗೆ ಒಯ್ಯುತ್ತಿರುವುದು. ಜನ ಕಡಿಮೆ ಮಾಡಿ. ತಾಸು ಕಡಿಮೆ ಮಾಡಿ. ಸಂಜೆಯದನ್ನು ಕೈಬಿಟ್ಟು ಮುಹೂರ್ತ ಮತ್ತು ಮೆರವಣಿಗೆಗೆ ಮಾತ್ರ ಕರೆಯಿರಿ. ತಲೆಗೂಲಿಯನ್ನು ಮಾತ್ರ ಮುಟ್ಟಬೇಡಿ. ಸಾಮೂಹಿಕ ವಿವಾಹಗಳ ದಾರಿಯೂ ಇದೆ. ಧರ್ಮಸ್ಥಳದಲ್ಲಿ 1972ರಿಂದ ಅವು ನಡೆದುಬಂದಿವೆ. ನಮ್ಮ ಸೀಮೆಯ ಮಠಗಳೂ ನಡೆಸುತ್ತವೆ. ಇಪ್ಪತ್ತು ಜೋಡಿಗೆ ಒಂದೇ ಮೇಳ. ಏಜೆಂಟನನ್ನು ಬಿಟ್ಟು ನೇರವಾಗಿ ಮಾಸ್ತರರ ಮನೆಗೇ ಹೋದರೆ ಮೇಲಿನ ಲೆಕ್ಕದ 2,000 ಉಳಿಯುತ್ತದೆ. ಅದರಲ್ಲಿ ಅರ್ಧ ನಮ್ಮದಾಗಲಿ, ಅರ್ಧ ಅವರದಾಗಲಿ.

ಒಪ್ಪಿದ್ದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು ಅಪನಂಬಿಕೆಯಲ್ಲ. ಅಂಗಡಿಯಲ್ಲಿ ಒಂದು ಚೀಲ ಶೇಂಗಾಕ್ಕೂ ಚೀಟಿ ಬರೆಯುವವರು ಇಪ್ಪತ್ತು ಸಾವಿರಕ್ಕೆ ಬಾಯಿಮಾತು ಸಾಕೆನ್ನುವುದು ಸೋಜಿಗ. ಎಷ್ಟು ಜನ, ಯಾವ ಯಾವ ವಾದ್ಯ, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಬಿಡುಗಡೆ, ಹೆಚ್ಚಿನ ತಾಸಿಗೆ ಎಷ್ಟು, ವಾಹನ ಯಾರದು, ಮುಂಗಡ ಎಷ್ಟು, ಬಾಕಿ ಯಾರ ಕೈಯಿಂದ ಯಾವಾಗ. ಈ ಕೊನೆಯದು ಅತಿ ಮುಖ್ಯ. ಮುಂಗಡ ಕೊಟ್ಟವರು ಹುಡುಗನ ಚಿಕ್ಕಪ್ಪ; ಬಾಕಿಯ ಹೊತ್ತಿಗೆ ಅವರು ಎಲ್ಲಿಯೋ; ಹುಡುಗಿಯ ಕಡೆಯವರು ‘ಅದು ನಮಗೆ ಸೇರಿದ್ದಲ್ಲ’ ಎನ್ನುತ್ತಾರೆ; ಗಾಡಿ ಹತ್ತಿ ಕುಳಿತವರು ಎರಡು ತಾಸು ಕಾಯುತ್ತಾರೆ. ಮನೆಯಲ್ಲಿ ಸಾವಾಗಿ ಮದುವೆ ಮುಂದಕ್ಕೆ ಹೋದರೆ ಮುಂಗಡದ ಗತಿಯೇನು ಎಂಬುದನ್ನೂ ಬರೆಯಿರಿ. ಅಶುಭ ನುಡಿಯಬಾರದೆಂದು ಸುಮ್ಮನಿದ್ದರೆ ಸೂತಕದ ಮನೆಯ ಮುಂದೆಯೇ ಜಗಳ ನಡೆಯುತ್ತದೆ. ಮಳೆ ಬಂದರೆ ವಾದ್ಯಕ್ಕೆ ಆಸರೆ ಎಲ್ಲಿ ಎಂದು ಕೇಳಿ. ಚರ್ಮದ ವಾದ್ಯ ನೆನೆದರೆ ನಾದ ಸತ್ತಂತೆ. ಊರಿನ ಹೆಸರನ್ನು ತಾಲ್ಲೂಕಿನ ಸಮೇತ ಬರೆಯುವುದೂ ಒಳ್ಳೆಯದು. ನಮ್ಮ ಅರಸೀಕೆರೆ ಹರಪನಹಳ್ಳಿ ತಾಲ್ಲೂಕಿನದು. ದೂರದಿಂದ ಕರೆಸುವ ರಸಮಂಜರಿಯವರಿಗೆ ಅರಸೀಕೆರೆ ಎಂದರೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ಬಳ್ಳಾರಿ ಜಿಲ್ಲೆ, 1997ರಿಂದ ದಾವಣಗೆರೆ, 2018ರಿಂದ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಎಂದು ಜಿಲ್ಲೆಯಿಂದ ಜಿಲ್ಲೆಗೆ ದಾಟಿದ ತಾಲ್ಲೂಕಿನವರು ನಾವು. ವಿಳಾಸದ ವಿಷಯದಲ್ಲಿ ಎಚ್ಚರ ಇರಬೇಕು.

ಈಗ ಊಟದ ಮಾತು. ಬಾಜಾದವರಿಗೆ ಊಟ ಯಾವಾಗ, ಎಲ್ಲಿ? ಸಾಧಾರಣವಾಗಿ ಎಲ್ಲ ಪಂಕ್ತಿಗಳೂ ಎದ್ದ ಮೇಲೆ, ಮಂಟಪದ ಹಿಂದುಗಡೆ, ಪಾತ್ರೆ ತೊಳೆಯುವ ಕಡೆ. ನಸುಕಿನಿಂದ ಊದಿದವನ ಹೊಟ್ಟೆಗೆ ಮೂರು ಗಂಟೆಗೆ ತಣ್ಣನೆಯ ಅನ್ನ. ಕೆಲವು ಊರುಗಳಲ್ಲಿ ಇದಕ್ಕೆ ಹೊತ್ತಿನ ಅಭಾವ ಕಾರಣವಲ್ಲ, ಜಾತಿ ಕಾರಣ. ಹಲಗೆ ಬಾರಿಸುವವರನ್ನಂತೂ ಅಂಗಳದಾಚೆಗೇ ನಿಲ್ಲಿಸುತ್ತಾರೆ. ಅವರ ಹಲಗೆಯಿಲ್ಲದೆ ದೇವರ ಪಲ್ಲಕ್ಕಿ ಏಳದು, ಹೆಣವೂ ಏಳದು. ಹಲಗೆ ಹಿಡಿದವರು ಮಾತ್ರ ನೆರಳಿಗೆ ಬರುವಂತಿಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದ್ದು 1950ರಲ್ಲಿ.

ಇದಕ್ಕಿಂತ ಕಠಿಣವಾದ ಸಂಗತಿ ಬಿಟ್ಟಿಯದು. ಹಲಗೆಯವರನ್ನು ‘ಗೊತ್ತುಮಾಡುವ’ ಪದ್ಧತಿಯೇ ಹಲವು ಕಡೆ ಇರಲಿಲ್ಲ. ಕರೆದರೆ ಬರಬೇಕು, ಬಾರಿಸಬೇಕು, ಕೊಟ್ಟದ್ದನ್ನು ಮಡಿಲಿಗೆ ಹಾಕಿಕೊಂಡು ಹೋಗಬೇಕು. ಒಂದು ಸೇರು ಜೋಳ, ಒಂದು ತೆಂಗಿನಹೋಳು, ಅರ್ಧ ಬಾಟಲಿ ಸರಾಯಿ. ಊರಿನ ವಂಶಪಾರಂಪರ್ಯ ಚಾಕರಿಗಳು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನಿನಿಂದ ಹೋದವು. ಬಿಟ್ಟಿ ದುಡಿಮೆಯನ್ನು ಸಂವಿಧಾನದ 23ನೆಯ ವಿಧಿ ನಿಷೇಧಿಸಿದೆ. ಜೀತ ಪದ್ಧತಿ ರದ್ದಿಯಾತಿ ಕಾನೂನು ಬಂದದ್ದು 1976ರಲ್ಲಿ. ಪರಿಶಿಷ್ಟರಿಂದ ಬಿಟ್ಟಿ ಮಾಡಿಸುವುದು 1989ರ ದೌರ್ಜನ್ಯ ತಡೆ ಕಾನೂನಿನಂತೆ ಅಪರಾಧ. ಇಷ್ಟೆಲ್ಲ ಆದ ಮೇಲೂ ‘ಸಂಪ್ರದಾಯ’ ಎಂಬ ಒಂದು ಮಾತು ಉಳಿದಿದೆ. ಕಲಿತ ಹುಡುಗ ‘ನಾನು ಹಲಗೆ ಮುಟ್ಟುವುದಿಲ್ಲ’ ಎಂದರೆ ಊರಿನ ಹಿರಿಯರು ಮುನಿಯುತ್ತಾರೆ. ಮುನಿಸು ಕೂಲಿ ತಪ್ಪಿಸುವವರೆಗೆ, ಅಂಗಡಿಯಲ್ಲಿ ಸಾಮಾನು ಕೊಡದಿರುವವರೆಗೆ ಹೋಗುವುದುಂಟು. ಅಂಗಡಿ ನಮ್ಮ ವಾಚಕರದು. ಆದ್ದರಿಂದ ನಾವು ಬಿಚ್ಚಿಯೇ ಹೇಳುತ್ತೇವೆ: ಊರಿನವರು ಹೇಳಿದರೆಂದು ಆ ಮನೆಗೆ ಉಪ್ಪು ಎಣ್ಣೆ ನಿಲ್ಲಿಸುವ ವರ್ತಕ ಕಾನೂನಿನ ಮುಂದೆ ಊರಿನವರ ಬೆನ್ನ ಹಿಂದೆ ಅಡಗಲಾರ. ಹಲಗೆ ಬೇಕೆನ್ನುವವರು ಬ್ಯಾಂಡಿನವರ ಮನೆಗೆ ಹೋದಂತೆಯೇ ಹಲಗೆಯವರ ಮನೆಗೂ ಹೋಗಬೇಕು, ದರ ಕೇಳಬೇಕು, ಮುಂಗಡ ಕೊಡಬೇಕು. ಅವರು ಆಗದು ಎಂದರೆ ಎದ್ದು ಬರಬೇಕು. ಹಲಗೆಯ ನಾದವನ್ನು ಪ್ರೀತಿಯಿಂದ ಉಳಿಸಿಕೊಂಡು ವೇದಿಕೆಯ ಮೇಲೆ ತಲೆಯೆತ್ತಿ ಬಾರಿಸುವ ತಂಡಗಳು ನಾಡಿನಲ್ಲಿವೆ. ಬಾರಿಸುವುದೂ ಬಿಡುವುದೂ ಅವರ ಕೈಯಲ್ಲಿರಬೇಕೆಂಬುದಷ್ಟೇ ವಾದ.

ಜೋಗತಿಯರನ್ನು ಕುಣಿತಕ್ಕೆ ಕರೆಯುವವರಿಗೂ ಎರಡು ಮಾತು. ಉಚ್ಚಂಗಿದುರ್ಗದ ಸುತ್ತಿನ ನಮಗೆ ದೇವದಾಸಿ ಪದ್ಧತಿಯ ಸಂಕಟ ಪುಸ್ತಕದಲ್ಲಿ ಓದಿ ತಿಳಿಯಬೇಕಾದದ್ದಲ್ಲ. ಮುತ್ತು ಕಟ್ಟುವುದನ್ನು 1982ರ ಕಾನೂನೇ ನಿಷೇಧಿಸಿತು. ಕುಣಿಯುವವರನ್ನು ಮೆರವಣಿಗೆಯ ಹುಡುಗರು ಕುಡಿದು ಮೈಮೇಲೆ ಬಿದ್ದು ಎಳೆದಾಡಿದರೆ ಕರೆಸಿದ ಮನೆಯವರು ‘ಹುಡುಗರು, ಬಿಡ್ರಿ’ ಎನ್ನುವಂತಿಲ್ಲ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಚೌಡಿಕೆಯ ಕಲೆಯಿಂದ ಬಂದ ಗೌರವ ಅದು. ದೀಪದ ಕಂಬ ಹೊತ್ತು ನಡೆಯುವ ಹುಡುಗರ ವಯಸ್ಸನ್ನೂ ಕೇಳಿರಿ. ಹಿಂದೆ ಜನರೇಟರಿನಿಂದ ತಂತಿ ಎಳೆದಿರುತ್ತದೆ, ಅದಕ್ಕೆ ಪೋಣಿಸಿದಂತೆ ಹತ್ತಾರು ಹುಡುಗರು ನಡೆಯುತ್ತಾರೆ. ಮನೆಯ ಕಸುಬಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, 14 ತುಂಬದವರನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ.

ಸದ್ದಿನ ವಿಷಯ ಬಂದರೆ ಡಿ.ಜೆ. ಪುರಾಣ ತೆಗೆಯಲೇಬೇಕು. ಲಾರಿಯ ಮೇಲೆ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ ಮೂರ್ನಾಲ್ಕು ಜನ ನಡೆಸುವ ಈ ಯಂತ್ರ ಹದಿನಾಲ್ಕು ಜನರ ಅನ್ನ ತೆಗೆದಿದೆ. ಯಂತ್ರಕ್ಕೆ ನಾವು ಶತ್ರುಗಳಲ್ಲ. ಆದರೆ ಡಿ.ಜೆ.ಗೆ ಕೊಟ್ಟ ಹಣ ಪೆಟ್ಟಿಗೆ ಕೊಂಡ ಸಾಲದ ಕಂತಿಗೆ ಹೋಗುತ್ತದೆ. ಬಾಜಾಕ್ಕೆ ಕೊಟ್ಟದ್ದು ಹದಿನಾಲ್ಕು ಮನೆಗಳ ಕಿರಾಣಿಯಾಗಿ ನಮ್ಮದೇ ಅಂಗಡಿಗಳಿಗೆ ಮರಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕವೂ ಇಲ್ಲ, ಬಾರಿಸುವ ವಾದ್ಯವೂ ಇಲ್ಲ. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಸಂಗೀತದ ಸ್ಥಳಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗೊತ್ತುಪಡಿಸಿದೆ. ಕಿವಿಯ ನರ ಒಮ್ಮೆ ಸತ್ತರೆ ಮತ್ತೆ ಚಿಗುರದು. ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಮಿಲ್ಲಿನವನು ನಿಮ್ಮ ಓಣಿಯಲ್ಲಿಯೇ ಇದ್ದಾನೆ. ಅವನ ಮನೆಯ ಮುಂದೆ ಹತ್ತು ಹೆಜ್ಜೆ ವಾದ್ಯ ನಿಲ್ಲಿಸಿದರೆ ಮದುವೆಗೇನೂ ಅಮಂಗಳವಾಗದು. ಬಾಜಾಕ್ಕೆ ಈ ಅನುಕೂಲವಿದೆ, ಕೈಸನ್ನೆಗೆ ನಿಲ್ಲುತ್ತದೆ.

ಸಿನಿಮಾ ಹಾಡು ಬಾರಿಸಿದರೆ ಹಕ್ಕಿನ ಹಣ ಕಟ್ಟಬೇಕೆಂದು ಹೆದರಿಸುವವರೂ ಇದ್ದಾರೆ. 1957ರ ಕೃತಿಸ್ವಾಮ್ಯ ಕಾನೂನು ಮದುವೆ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಟಿಕೆಟ್ ಇಟ್ಟು ನಡೆಸುವ ರಸಮಂಜರಿಗೆ ಈ ವಿನಾಯಿತಿ ಹತ್ತದು.

ಬಾಜಾದ ಸಂಗಾತಿಗಳಿಗೂ ನಮ್ಮದೊಂದು ಮಾತು. ಒಂದು ತಂಡ ಇನ್ನೊಂದರ ದರವನ್ನು ಮುರಿಯುತ್ತಿರುವವರೆಗೆ ಸೋದರಮಾವಂದಿರದೇ ರಾಜ್ಯ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ತಂಡಗಳು ಆಷಾಢದ ಬಿಡುವಿನಲ್ಲಿ ಒಂದು ಕಡೆ ಕೂತು ತಲೆಗೂಲಿ ಇಷ್ಟಕ್ಕಿಂತ ಕೆಳಗಿಳಿಯದು ಎಂದು ಗೊತ್ತುಮಾಡಿಕೊಳ್ಳಲಿ. 2021ರಲ್ಲಿ ಶುರುವಾದ ಇ-ಶ್ರಮ್ ಪಟ್ಟಿಯಲ್ಲಿ 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರು ಹೆಸರು ಬರೆಸಬಹುದು. ಊದುವವರೂ ಬಾರಿಸುವವರೂ ಅದರಲ್ಲಿ ಸೇರುತ್ತಾರೆ. ಉಸಿರು ನಿಂತ ಮುದಿ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಅರ್ಜಿಗೆ ಬಾರಿಸಿದ್ದರ ಪುರಾವೆ ಕೇಳುತ್ತಾರೆ. ಮೇಲೆ ಹೇಳಿದ ಒಪ್ಪಂದದ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಅವೇ ಪುರಾವೆಗೆ ಒದಗುತ್ತವೆ. ಅಂಥ ಹಾಳೆಯ ಮಾದರಿ ಬೇಕಾದವರು ಸಂತೆಯ ದಿನ ನಮ್ಮ ಕಾರ್ಯಾಲಯಕ್ಕೆ ಬಂದರೆ ಬರೆದುಕೊಡುತ್ತೇವೆ. ಹಾಳೆ ಮಾತ್ರ ಅವರೇ ತರಬೇಕು.